ಪತ್ತಿ ತೊಳೆಯೋ ನೀರು



ಹೋದ ವಾರ ನಾನು ಇಲ್ಲಿ ಒಂದು ಫೋಟೋ ಹಾಕಿದ್ದೆ. ಸ್ಟೀಲಿನ ಲೋಟದಾಗ ನೀರು, ನೀರಾಗ ನಾಲ್ಕು ಸಣ್ಣ ಪತ್ತಿ, ಬಾಜೂಕ ಒಬ್ಬ ಮುದುಕನ ಕೈ. ಮ್ಯಾಲೆ ಬರೆದಿದ್ದು ಒಂದೇ ಸಾಲು: ‘ಕಾಕಾನ ಸನಾದಿ ಪತ್ತಿ ತೊಳಿಯಾಕತ್ತೀವಿ.’ ಅದಕ್ಕ ಬಂದ ಒಂದು ಕಮೆಂಟು ನನ್ನನ್ನ ಮೂರು ದಿನ ಸುಮ್ಮನ ಕುಂದ್ರಗೊಡಲಿಲ್ಲ. ಬರೆದವ ಜಮಖಂಡಿ ಕಡೆಯ ಹುಡುಗ. ಕಾಲೇಜು ಓದತಾನ, ಚಳವಳಿಗೆ ಹೊಸಬ, ಆದರೆ ಮನಸ್ಸಿಟ್ಟು ಬರತಾನ. ಅವ ಕೇಳಿದ್ದು ಇಷ್ಟು: ‘ಅಣ್ಣಾ, ಗುಲಾಮಗಿರಿಯ ವಾದ್ಯ ಬಿಸಾಕ್ರಿ ಅಂತ ಭಾಷಣದಾಗ ನೀವೇ ಹೇಳಿದ್ರಿ. ಈಗ ನೀವೇ ಅದನ್ನ ತೊಳಕೋತ ಕುಂತೀರಲ್ಲ?’

ತಮ್ಮಾ, ನೀ ಕೇಳಿದ್ದು ಸರಿ ಐತಿ. ಕಮೆಂಟಿನಾಗ ಎರಡು ಸಾಲು ಬರೆದು ಕೈ ತೊಳಕೊಳ್ಳೋ ಪ್ರಶ್ನೆ ಅಲ್ಲ ಅದು. ಅದಕ್ಕ ಇಷ್ಟುದ್ದ ಬರಿಯಾಕತ್ತೀನಿ. ಪುರುಸೊತ್ತು ಇದ್ದವರು ಓದ್ರಿ. ಮನೆಯಲ್ಲಿ ಸನಾದಿ, ಕ್ಲಾರಿನೆಟ್, ಸ್ಯಾಕ್ಸೋಫೋನ್ ಊದೋರು ಇದ್ದರೆ ಪುರುಸೊತ್ತು ಮಾಡಕೊಂಡು ಓದ್ರಿ. ನಡುವೆ ಒಂದು ಕಡೆ ಅವರಿಗೆ ಬೇಕಾದ್ದು ಐತಿ.

ಮೊದಲು ಪತ್ತಿ ಅಂದರೇನು ಅಂತ ಹೇಳಿಬಿಡತೀನಿ. ಸನಾದಿ ಅಂದರೆ ಮಂದಿ ಕಣ್ಣಿಗೆ ಕಾಣೋದು ಕಟ್ಟಿಗೆ ಕೊಳವಿ, ಅದರ ತುದಿಗಿರೋ ಹಿತ್ತಾಳಿ ಬಟ್ಟಲು, ಬೆರಳಾಡೋ ತೂತು. ದನಿ ಹುಟ್ಟೋದು ಅಲ್ಲಿ ಅಲ್ಲ. ಬಾಯಿಗೆ ಇಟ್ಟುಕೊಳ್ಳುವ ತುದಿಯಲ್ಲಿ ಬೆರಳಿನ ಉಗುರಿನಷ್ಟು ಅಗಲದ, ಜೊಂಡಿನಿಂದ ಮಾಡಿದ ಒಂದು ಚಪ್ಪಟಿ ಪೀಪಿ ಇರತೈತಿ. ಸಣ್ಣ ಹಿತ್ತಾಳಿ ನಳಿಗೆ ದಾರ ಸುತ್ತಿ ಕಟ್ಟಿರತಾರ. ಅದರ ಎರಡು ಎಸಳು ಉಸಿರಿಗೆ ಅದುರಿದರೆ ಮಾತ್ರ ಸನಾದಿ ಮಾತಾಡತೈತಿ. ನಮ್ಮ ಕಾಕಾ ಅದಕ್ಕ ಪತ್ತಿ ಅಂತಾನ. ನಾಗಸ್ವರದವರು ಜೀವಾಳಿ ಅಂತಾರ. ಬ್ಯಾಂಡಿನ ಹುಡುಗರು ರೀಡ್ ಅಂತಾರ.

ಕಾಕಾ ಅಂದರೆ ನನ್ನ ಅಪ್ಪನ ತಮ್ಮ ಅಲ್ಲ. ನಮ್ಮ ಕೇರಿಯೂ ಅವನ ಓಣಿಯೂ ಬೇರೆ. ಅವರು ಭಜಂತ್ರಿ, ಅಂದರೆ ಕೊರಮರು. ನಾವು ಮಾದರು. ನನ್ನಪ್ಪ ಹಲಗಿ ಬಾರಸತಿದ್ದ, ಕಾಕಾ ಸನಾದಿ ಊದತಿದ್ದ. ಬೀಳಗಿ ಸುತ್ತಿನ ಎಷ್ಟೋ ಹಳ್ಳಿಗಳ ಮದುವಿ, ಜಾತ್ರಿ, ದೇವರ ಪಲ್ಲಕ್ಕಿ ಇವರಿಬ್ಬರ ಕೂಡ ನಡೆದಾವು. ಸಣ್ಣವನಿದ್ದಾಗ ನಾ ಅಪ್ಪನ ಬೆನ್ನು ಹತ್ತಿ ಹೋಗತಿದ್ದೆ. ಊಟದ ಆಸೆಗೆ, ಮತ್ತ ಯಾತಕ್ಕೂ ಅಲ್ಲ.

ಒಂದು ಮದುವಿ ನನಗ ಇನ್ನೂ ನೆನಪೈತಿ. ಊರ ಹೆಸರು ಬೇಡ, ಯಾವ ಊರಾದರೂ ಆಗಬಹುದಿತ್ತು. ಹಲಗಿಗೆ ಬೆಂಕಿ ಬೇಕು, ಸನಾದಿಗೆ ನೀರು ಬೇಕು. ಚರ್ಮ ಸಡಿಲಾದರೆ ಹಲಗಿ ಬೊದ್ದು ಹೊಡಿತೈತಿ, ಕಾಸಬೇಕು. ಪತ್ತಿ ಒಣಗಿದರೆ ಎರಡು ಎಸಳೂ ಸೆಟೆದು ನಿಂತು ಬರೇ ಗಾಳಿ ಬರತೈತಿ, ನೆನೆಸಬೇಕು. ಅಪ್ಪ ಹಿತ್ತಲದಾಗ ಬಿದ್ದ ಕಣಕಿ ಸೊಪ್ಪಿ ಕೂಡಿಸಿ ಕಡ್ಡಿ ಗೀರಿದ. ಬೆಂಕಿಗೆ ಯಾರ ಅಪ್ಪಣಿಯೂ ಬೇಕಿದ್ದಿಲ್ಲ. ಕಾಕಾ ನೀರು ಕೇಳಿದ. ಒಳಗಿಂದ ಒಬ್ಬಾಕಿ ತಂಬಿಗಿ ತಂದಳು. ಕಾಕಾ ತನ್ನ ಡಬ್ಬಿಯ ಮುಚ್ಚಳ ಎರಡೂ ಕೈಯಾಗ ಹಿಡಿದು ಬಗ್ಗಿದ. ಆಕಿ ಮ್ಯಾಲಿಂದ ಸುರುವಿದಳು. ಅರ್ಧ ಮುಚ್ಚಳದಾಗ ಬಿತ್ತು, ಅರ್ಧ ಮಣ್ಣಿಗೆ ಬಿತ್ತು. ಕಾಕಾ ಇನ್ನಷ್ಟು ಕೇಳಲಿಲ್ಲ. ಇದ್ದ ನೀರಾಗ ಪತ್ತಿ ತೋಯಿಸಿದ. ಸ್ವಲ್ಪ ಹೊತ್ತಿಗೆ ಅಕ್ಕಿಕಾಳು ಬಿತ್ತು, ಸನಾದಿ ಎದ್ದಿತು. ತಂಬಿಗಿ ಹಿಡಿದವಳೂ ಕೈ ಮುಗಿದು ನಿಂತಿದ್ದಳು.

ಆ ದನಿ ಮಂಗಳ. ಅದು ಹುಟ್ಟೋ ಬಾಯಿ ಮೈಲಿಗೆ. ಪತ್ತಿಗೆ ಎಂಜಲು ಹತ್ತದೆ ದನಿ ಬರೋದಿಲ್ಲ. ಮಡಿ ಮಡಿ ಅನ್ನೋ ಮಂದಿ ಆ ಎಂಜಲಿನ ದನಿಯ ಕೆಳಗೇ ತಾಳಿ ಕಟ್ಟಿಸಕೊಂಡಾರ. ಇದನ್ನ ಯಾವ ಶಾಸ್ತ್ರಿಗಳೂ ನನಗ ಬಿಡಿಸಿ ಹೇಳಿಲ್ಲ.

ಇನ್ನೊಂದು ಮಾತನ್ನೂ ಇಲ್ಲೇ ಹೇಳಬೇಕು. ಕಾಕಾಗೆ ನೀರು ಮ್ಯಾಲಿಂದಾದರೂ ಸುರುವಿದರು. ನನ್ನಪ್ಪ ಅಷ್ಟು ಹತ್ತಿರವೂ ಹೋಗೋ ಹಂಗಿದ್ದಿಲ್ಲ. ಕಾಕಾ ಕಟ್ಟಿಯ ಮ್ಯಾಲೆ ಕುಂತರೆ ಅಪ್ಪ ಕಟ್ಟಿಯ ಕೆಳಗೆ. ಬಾಬಾಸಾಹೇಬರು ಶ್ರೇಣೀಕೃತ ಅಸಮಾನತೆ ಅಂದದ್ದು ಇದನ್ನೇ. ಮೆಟ್ಟಿಲಿನ ಮ್ಯಾಲೆ ಒಬ್ಬೊಬ್ಬರನ್ನ ಒಂದೊಂದು ಕಡೆ ನಿಲ್ಲಿಸಿ, ಕೆಳಗಿನವನನ್ನ ನೋಡಿ ಮೇಲಿನವ ಸಮಾಧಾನ ಪಡೋ ಹಂಗ ಮಾಡೋ ವ್ಯವಸ್ಥೆ. ಹಂಗಂತ ಕಾಕಾನ ಜನ ಸುಖವಾಗಿ ಬದುಕಿದರು ಅಂತಲ್ಲ. ಬ್ರಿಟಿಷರ ಅಪರಾಧಿ ಬುಡಕಟ್ಟು ಕಾಯ್ದೆಯ ಹೆಸರಿನಲ್ಲಿ ಕೊರಮ, ಕೊರಚರಿಗೆ ಹುಟ್ಟುಗಳ್ಳರು ಅಂತ ಮುದ್ರೆ ಬಿತ್ತು. ಕಾಯ್ದೆ ರದ್ದಾದದ್ದು 1952ರಲ್ಲಿ. ಮುದ್ರೆ ಇನ್ನೂ ಪೂರಾ ಅಳಿಸಿಲ್ಲ. 2024ರ ಆಗಸ್ಟ್ 1ರ ಸುಪ್ರೀಂ ಕೋರ್ಟ್ ತೀರ್ಪು ಬಂದ ಮೇಲೆ, 2025ರ ಆಗಸ್ಟ್‌ನಲ್ಲಿ ನಮ್ಮ ಸರಕಾರ ಆರು, ಆರು, ಐದು ಅಂತ ಪಾಲು ಹಂಚಿದ ಮೇಲೆ, ನಮ್ಮ ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಎಡ, ಬಲ, ಸ್ಪೃಶ್ಯ ಅಂತ ಎಂಥೆಂಥ ಮಾತು ಹರಿದಾಡಿದವು ಅಂತ ಎಲ್ಲರಿಗೂ ಗೊತ್ತು. ಒಳಮೀಸಲಾತಿ ನ್ಯಾಯ, ಅದರ ಪರವಾಗಿ ನಾನು ಬೀದಿಯಲ್ಲಿ ನಿಂತವ. ಆದರೆ ಪಾಲಿನ ಲೆಕ್ಕ ಬೇರೆ, ಒಂದೇ ಪಂಗತಿಯ ಕೊನೆಯಲ್ಲಿ ಕುಂತು ಉಂಡವರ ನೆನಪು ಬೇರೆ. ಮೊದಲನೆಯದು ಎರಡನೆಯದನ್ನ ನುಂಗಬಾರದು.

ಈಗ ಫೋಟೋದ ವಿಷಯಕ್ಕ ಬರತೀನಿ.

ಕಾಕಾಗೆ ಒಂದೂವರೆ ವರ್ಷದಿಂದ ಕೆಮ್ಮು. ಬೀಡಿ ಬಿಟ್ಟು ಹತ್ತು ವರ್ಷ ಆಗೈತಿ. ಆದರೂ ದಮ್ಮು ಹತ್ತತೈತಿ. ‘ವಯಸ್ಸಾತು ತಮ್ಮಾ’ ಅಂತ ಅವನೇ ಷರಾ ಬರೆದಿದ್ದ. ಒತ್ತಾಯ ಮಾಡಿ ಬಾಗಲಕೋಟೆಗೆ ಕರಕೊಂಡು ಹೋದೆ. ಅಲ್ಲಿನ ಡಾಕ್ಟರಮ್ಮ ಸಣ್ಣ ವಯಸ್ಸಿನಾಕಿ. ಎದಿಗೆ ಕೊಳವಿ ಇಟ್ಟು ನೋಡಿ, ಕಫ ಪರೀಕ್ಷೆ ಬರೆದುಕೊಟ್ಟು, ‘ಏನು ಕೆಲಸ ಮಾಡತೀರಿ ಅಜ್ಜಾರ?’ ಅಂತ ಕೇಳಿದಳು. ಸನಾದಿ ಅಂದ. ‘ಬಾಯಿಗಿಡೋದನ್ನ ಹೆಂಗ ಸ್ವಚ್ಛ ಮಾಡತೀರಿ, ಎಲ್ಲಿ ಇಡತೀರಿ?’ ಅಂತ ಕೇಳಿದಳು. ಕಾಕಾ ನನ್ನ ಮುಖ ನೋಡಿದ. ಐವತ್ತು ವರ್ಷದಾಗ ಆ ಪ್ರಶ್ನೆ ಅವನಿಗೆ ಯಾರೂ ಕೇಳಿದ್ದಿಲ್ಲ.

ಟಿಬಿ ಇಲ್ಲ ಅಂತ ಆಮೇಲೆ ಗೊತ್ತಾತು. ಮನಿಗೆ ಬಂದು ಡಬ್ಬಿ ತೆಗೆದೆವು. ಹಳೇ ಪ್ಲಾಸ್ಟಿಕ್ ಡಬ್ಬಿ, ಬಿಗಿ ಮುಚ್ಚಳ. ಒಳಗೆ ಆರು ಪತ್ತಿ. ಮೂಗಿಗೆ ಹತ್ತಿರ ತಂದರೆ ಹಸಿ ಗೋಣಿಚೀಲದ ವಾಸನಿ. ಮೂರರ ಬುಡಕ್ಕ, ದಾರ ಸುತ್ತಿದ ಕಡೆ, ಕರೀ ಬೂಸರು. ಅದನ್ನೇ ಬಾಯಿಗಿಟ್ಟುಕೊಂಡು ಕಾಕಾ ಊದತಿದ್ದ. ಊದುವಾಗ ಉಸಿರು ಹೊರಗ ಹೋಗತೈತಿ ಖರೆ, ಆದರೆ ನಡುನಡುವೆ ಬಾಯಿಂದಲೇ ಒಳಗ ಎಳಕೋಬೇಕಲ್ಲ.

ಕಾಕಾ ಅಜ್ಞಾನಿ ಏನಲ್ಲ. ಮೊದಲು ಅವನ ಹತ್ತಿರ ತೂತಿದ್ದ ಕಟ್ಟಿಗೆ ಪೆಟ್ಟಿಗೆ ಇತ್ತು, ಅವನಪ್ಪ ಕೊಟ್ಟದ್ದು. 2019ರ ಆಗಸ್ಟ್‌ದಾಗ ಮಹಾಪೂರ ಬಂದಾಗ ಅವ ನದಿ ದಂಡಿಯ ಹಳ್ಳಿಯಲ್ಲಿ ಮಗಳ ಮನಿಯಾಗ ಇದ್ದ. ರಾತ್ರೋರಾತ್ರಿ ಎದ್ದು ಹೊಂಟರು. ಸನಾದಿ ಬಗಲಾಗ ಬಂತು, ಪೆಟ್ಟಿಗೆ ನೀರು ಪಾಲಾತು. ಮನಿ ಬಿದ್ದದ್ದಕ್ಕ ಪರಿಹಾರದ ಅರ್ಜಿ ಇತ್ತು. ಪತ್ತಿ ಪೆಟ್ಟಿಗೆಗೆ ಯಾವ ಅರ್ಜಿಯಲ್ಲೂ ಕಾಲಂ ಇದ್ದಿಲ್ಲ. ಆಮೇಲೆ ತಗಡಿನ ಶೆಡ್ಡು, ಸಿಕ್ಕ ಡಬ್ಬಿ, ಅದೇ ರೂಢಿ.

ಕೆಮ್ಮಿಗೆ ಪತ್ತಿಯೇ ಕಾರಣ ಅಂತ ಡಾಕ್ಟರಮ್ಮ ಹೇಳಲಿಲ್ಲ, ನಾನೂ ಹೇಳೋದಿಲ್ಲ. ಒಲಿ ಹೊಗಿ, ಧೂಳು, ಹಳೇ ಬೀಡಿ ಎಲ್ಲಾ ಸೇರಿರಬಹುದು ಅಂದಳು. ಆದರೆ ಬೂಸರು ಹಿಡಿದದ್ದನ್ನ ಮೊದಲು ಬಿಸಾಕ್ರಿ ಅಂದಳು. 2016ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರಿನ ವೈದ್ಯರು ‘ಥೋರಾಕ್ಸ್’ ಅನ್ನೋ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಪ್ರಕರಣ ಬರೆದಾರ. 61 ವರ್ಷದ ಒಬ್ಬ, ದಿನಾ ಬ್ಯಾಗ್‌ಪೈಪ್ ಊದೋನು, ವರ್ಷಗಟ್ಟಲೆ ಕೆಮ್ಮು, ದಮ್ಮು. ವಾದ್ಯ ಮನೆಯಲ್ಲಿ ಬಿಟ್ಟು ಮೂರು ತಿಂಗಳು ಆಸ್ಟ್ರೇಲಿಯಾಕ್ಕ ಹೋದಾಗ ಮಾತ್ರ ಆರಾಮ. ಆಮೇಲೆ ವಾದ್ಯದ ಒಳಗಿನಿಂದ ತೆಗೆದ ಮಾದರಿಯಲ್ಲಿ ನಾನಾ ತರದ ಬೂಸರು ಸಿಕ್ಕಿತು. ಅಷ್ಟರಾಗ ಹೊತ್ತು ಮೀರಿತ್ತು, ಆತ ತೀರಿಕೊಂಡ. ಊದುವ ವಾದ್ಯವನ್ನ ತೊಳೆದು ಒಣಗಿಸೋದು ಎದೆಗೂಡಿನ ಪ್ರಶ್ನೆ ಅಂತ ಆ ವೈದ್ಯರು ಎಚ್ಚರಿಸಿದರು. ನಮ್ಮ ಹಳ್ಳಿಗಳಲ್ಲಿ ದಮ್ಮು ಹತ್ತಿ ಸತ್ತ ಸನಾದಿಯವರ ವಾದ್ಯದ ಒಳಗೆ ಯಾರು ಇಣುಕಿ ನೋಡಿದಾರ?

ಅದಕ್ಕ ತಮ್ಮಾ, ನಾವು ತೊಳಕೋತ ಕುಂತಿದ್ದು.

ತೊಳೆಯೋದು ಅಂದ ಕೂಡಲೇ ನಮ್ಮ ಮೈ ಬಿಗಿ ಆಗತೈತಿ, ನನಗೂ ಆಗತೈತಿ. ಮಂದಿಯ ಹೊಲಸು ತೊಳೆಯೋ ಕೆಲಸವನ್ನ ಸಾವಿರ ವರ್ಷ ನಮ್ಮ ತಲಿಗೆ ಕಟ್ಟಿದಾರ. ಕೈಯಿಂದ ಮಲ ಬಳಿಯೋದನ್ನ ನಿಷೇಧಿಸಿದ ಕಾನೂನು 1993ರಲ್ಲಿ ಒಮ್ಮೆ, 2013ರಲ್ಲಿ ಇನ್ನೊಮ್ಮೆ ಬಂದರೂ ಗುಂಡಿಗೆ ಇಳಿದು ಸಾಯೋರು ನಮ್ಮವರೇ. ಹಂಗಾಗಿ ಸ್ವಚ್ಛತೆ ಅನ್ನೋ ಶಬ್ದವನ್ನೇ ನಾವು ಅನುಮಾನದಿಂದ ನೋಡತೀವಿ. ಆದರೆ ಬ್ಯಾರೆಯವರ ಹೊಲಸು ತೊಳೆಯೋದನ್ನ ಬಿಡೋ ಭರದಾಗ ನಮ್ಮ ಉಸಿರು ಹಾಯೋ ದಾರಿ ತೊಳಕೊಳ್ಳೋದನ್ನೂ ಬಿಟ್ಟರೆ ಅದರ ಲುಕ್ಸಾನ ಯಾರಿಗೆ?

ಕಾಕಾ ಮತ್ತು ಕಾಕು ಇಬ್ಬರನ್ನೂ ಕುಂದ್ರಿಸಿ ಕೇಳಿ, ಡಾಕ್ಟರಮ್ಮನ ಮಾತು ಕೂಡಿಸಿ, ಬರೆದುಕೊಂಡದ್ದನ್ನ ಇಲ್ಲಿ ಹಾಕತೀನಿ. ಬೇಕಾದವರು ತಮ್ಮ ಓಣಿಯ ಗುಂಪಿಗೆ ಕಳಿಸ್ರಿ.

1. ಊದೋಕ್ಕಿಂತ ಮೊದಲು ಬಾಯಿ ಮುಕ್ಕಳಿಸ್ರಿ. ಎಲಿ ಅಡಿಕಿ, ಗುಟ್ಕಾ, ಸಕ್ಕರಿ ಚಾ ಬಾಯಾಗ ಇದ್ದಂಗೇ ಪತ್ತಿ ಇಟ್ಟುಕೊಂಡರೆ ಅದೆಲ್ಲಾ ಜೊಂಡಿನ ಸಂದಿಯಲ್ಲಿ ಕೂಡತೈತಿ. ಸಿಹಿ ಇದ್ದಲ್ಲಿ ಬೂಸರು ಬೇಗ.

2. ನೆನೆಸೋದು ಎರಡು ಮೂರು ನಿಮಿಷ ಸಾಕು. ಕುಡಿಯೋ ನೀರೇ ಆಗಬೇಕು. ನಮ್ಮ ಬೋರಿನ ನೀರು ಗಡಸು, ಒಣಗಿದ ಮೇಲೆ ಬಿಳೀ ಪದರ ಕಟ್ಟತೈತಿ. ಊರಾಗ ಶುದ್ಧ ನೀರಿನ ಘಟಕ ಇದ್ದರೆ ಅಲ್ಲಿಯ ನೀರು, ಇಲ್ಲಂದ್ರ ಕಾಸಿ ಆರಿಸಿದ ನೀರು. ಕುದಿಯೋ ನೀರು ಬೇಡ, ಎಸಳು ಸೊಟ್ಟ ಆಗತಾವು. ರಾತ್ರಿಯೆಲ್ಲಾ ನೆನೆ ಇಡಬ್ಯಾಡ್ರಿ.

3. ಊದೋದು ಮುಗಿದ ಮೇಲೆ ಪತ್ತಿಯನ್ನ ಸನಾದಿಗೆ ಹಂಗೇ ಸಿಗಿಸಿ ಇಡಬ್ಯಾಡ್ರಿ. ಬಿಚ್ಚಿ, ನಳಿಯ ಕಡೆಯಿಂದ ನೀರು ಬಿಟ್ಟು, ಬಾಯಿ ಕಡೆಯಿಂದ ಹೊರಗ ಹರಿಸ್ರಿ. ಎರಡು ಮೂರು ಸಲ. ನಳಿಯಾಗ ಕೂತ ಕಸರು ತೆಗಿಯೋಕೆ ಸೂಜಿ ಅಥವಾ ಕೋಳಿ ಪುಕ್ಕ ಸಾಕು. ಸೂಜಿಯನ್ನ ಎಸಳಿನ ಬಾಯಿತನಕ ನೂಕಿದರೆ ಪತ್ತಿ ಸೀಳತೈತಿ. ಸೋಪು, ಫಿನಾಯಿಲ್, ಡೆಟಾಲ್ ಯಾವುದೂ ಬೇಡ. ಅದು ಮತ್ತ ಬಾಯಿಗೆ ಬರೋದು ಅನ್ನೋದು ನೆನಪಿರಲಿ.

4. ಹಳೇ ಧೋತರದ ಮೆತ್ತನ್ನ ಅರಿವಿಯಿಂದ ಒತ್ತಿ ನೀರು ತೆಗೀರಿ. ತಿಕ್ಕಬಾರದು. ಆಮೇಲೆ ನೆರಳಿನಾಗ, ಗಾಳಿ ಆಡೋ ಕಡೆ ಪೂರಾ ಒಣಗಿಸ್ರಿ. ಬಿಸಿಲು ಬೇಡ, ಒಲಿಯ ಮೇಲಿನ ಗೂಡು ಬೇಡ.

5. ಒಣಗಿದ ಮೇಲೆ ಇಡೋ ಡಬ್ಬಿಗೆ ತೂತು ಇರಬೇಕು. ಕಟ್ಟಿಗೆದು ಆದರೆ ಚಲೋ. ಇಲ್ಲಂದ್ರ ಸ್ಕೂಲ್ ಮಕ್ಕಳ ಕಂಪಾಸ್ ಪೆಟ್ಟಿಗೆಗೆ ಮೊಳೆಯಿಂದ ಹತ್ತು ತೂತು ಹೊಡೀರಿ, ಒಳಗೆ ಅರಿವಿ ಹಾಸ್ರಿ. ಮಳಿಗಾಲದಾಗ ಹೊಸ ಚಪ್ಪಲ್ ಡಬ್ಬಿಯೊಳಗ ಬರೋ ಬಿಳೀ ಹರಳಿನ ಪೊಟ್ಟಣ ಹಾಕಿ ಇಡ್ರಿ, ಒಡೀಬ್ಯಾಡ್ರಿ. ಬ್ಯಾಸಗಿಯಾಗ ಆ ಪೊಟ್ಟಣ ತೆಗೀರಿ, ಇಲ್ಲಂದ್ರ ಅತಿ ಒಣಗಿ ಬಿರುಕು ಬಿಡತೈತಿ.

6. ಒಂದೇ ಪತ್ತಿಯನ್ನ ದಿನಾ ಊದಬ್ಯಾಡ್ರಿ. ಮೂರು ನಾಲ್ಕು ಇಟ್ಟುಕೊಂಡು ಪಾಳಿ ಹಚ್ಚರಿ. ಬುಡಕ್ಕ ಬೇರೆ ಬೇರೆ ಬಣ್ಣದ ದಾರ ಕಟ್ಟಿದರೆ ಗುರುತು ಸಿಗತೈತಿ.

7. ಕರೀ ಚುಕ್ಕಿ, ಹಸಿರು ಬೂಸರು, ಜಿಗಟು, ಕೆಟ್ಟ ವಾಸನಿ, ತುದಿ ಸೀಳು ಇವುಗಳಲ್ಲಿ ಯಾವುದು ಕಂಡರೂ ಬಿಸಾಕ್ರಿ. ‘ಇದು ಚಲೋ ಮಾತಾಡತೈತಿ’ ಅಂತ ಮಾಯೆ ಮಾಡಬ್ಯಾಡ್ರಿ. ಪತ್ತಿ ಇನ್ನೊಂದು ಸಿಗತೈತಿ.

8. ಒಬ್ಬರ ಪತ್ತಿ ಇನ್ನೊಬ್ಬರ ಬಾಯಿಗೆ ಹೋಗಬಾರದು. ಮಕ್ಕಳಿಗೆ ಕಲಿಸುವಾಗಲೂ ಅವರದೇ ಪತ್ತಿ. ನೆಗಡಿ, ಬಾಯಿ ಹುಣ್ಣು ಹರಡೋ ದಾರಿ ಇದು. ಇದು ಮೈಲಿಗೆಯ ಮಾತಲ್ಲ, ರೋಗದ ಮಾತು.

9. ಬ್ಯಾಂಡಿನ ಕ್ಲಾರಿನೆಟ್, ಸ್ಯಾಕ್ಸೋಫೋನ್ ಹುಡುಗರಿಗೆ: ನಿಮ್ಮದು ಒಂಟಿ ಎಸಳು. ಬಿಚ್ಚಿ, ತೊಳೆದು, ಒರೆಸಿ, ಚಪ್ಪಟಿಯಾಗಿ ಇಡ್ರಿ. ಬಾಯಿಗಿಡೋ ಭಾಗಕ್ಕ ಹಂಗೇ ಕಟ್ಟಿ ಪೆಟ್ಟಿಗೆ ಮುಚ್ಚಿದರೆ ಒಂದು ವಾರಕ್ಕ ವಾಸನಿ ಬರತೈತಿ.

ಪಟ್ಟಿ ಬರೆಯುವಾಗ ನನಗ ಒಂದು ವಿಷಯ ಹೊಳಿತು. ಇದರಲ್ಲಿ ಮುಕ್ಕಾಲು ಪಾಲು ಹೇಳಿದ್ದು ಕಾಕಾ ಅಲ್ಲ, ಕಾಕು. ಮದುವಿ ಮುಗಿಸಿ ನಡುರಾತ್ರಿ ಬಂದು ಕಾಕಾ ಮಲಗಿಬಿಡತಿದ್ದ. ಪತ್ತಿ ಬಿಚ್ಚಿ, ತೊಳೆದು, ಧೋತರದ ತುದಿಯಲ್ಲಿ ಒತ್ತಿ, ಮಾಡದಾಗ ಒಣಗಲಿಕ್ಕೆ ಇಡತಿದ್ದವಳು ಈಕಿ. ಸಡಿಲಾದ ದಾರ ಮತ್ತೆ ಸುತ್ತತಿದ್ದವಳೂ ಈಕಿ. ಪೆಟ್ಟಿಗೆ ಹೋದ ಮೇಲೆ ‘ಇದು ಮುಗ್ಗತೈತಿ, ಬ್ಯಾರೆ ತರ್ರಿ’ ಅಂತ ನಾಲ್ಕು ಸಲ ಹೇಳಿದ್ದಳಂತೆ. ಕೇಳಿದವರಾರು? ಆಮೇಲೆ ಆಕಿಗೆ ಮೊಣಕಾಲು ನೋವು ಬಂತು, ತೊಳೆಯೋದು ನಿಂತಿತು. ನಲವತ್ತು ವರ್ಷ ಆ ಸನಾದಿಯ ದನಿ ಕಾದಾಕಿ ಒಂದು ಸಲವೂ ಅದನ್ನ ಬಾಯಿಗೆ ಇಟ್ಟಿಲ್ಲ. ‘ಹೆಣ್ಣಮಕ್ಕಳು ಊದಬಾರದು’ ಅಂತ. ಮೇಲಿನವರು ನಮ್ಮನ್ನ ಕಟ್ಟಿಯ ಕೆಳಗೆ ಕುಂದ್ರಿಸಿದ್ದನ್ನ ನಾವು ಭಾಷಣ ಮಾಡತೀವಿ. ನಮ್ಮ ಮನಿಯೊಳಗಿನ ಕಟ್ಟಿಯ ಮಾತು ಬಂದರೆ ಬಾಯಿ ಮುಚ್ಚತೀವಿ. ಕಾಕಾನ ಮೊಮ್ಮಗಳು ಪಿಯುಸಿ ಓದತಾಳ. ಮೊನ್ನೆ ಆ ತೊಳೆದ ಪತ್ತಿ ನೋಡಿ ‘ನಾ ಕಲೀಲೇನು ಅಜ್ಜಾ?’ ಅಂದಳು. ಕಾಕಾ ಏನೂ ಅನ್ನಲಿಲ್ಲ. ಕಾಕು ‘ಆಕಿಗೊಂದು ಬ್ಯಾರೆ ಪತ್ತಿ ತರಸ್ರಿ’ ಅಂದಳು.

ಇದು ಸಣ್ಣ ವಿದ್ಯೆ ಅಂತ ತಿಳೀಬ್ಯಾಡ್ರಿ. ಯುರೋಪಿನಲ್ಲಿ ಓಬೋ ಅನ್ನೋ ವಾದ್ಯ ಐತಿ. ಅದಕ್ಕೂ ಸನಾದಿಯ ಹಂಗ ಜೋಡಿ ಎಸಳಿನ ರೀಡು. ಅಲ್ಲಿನ ಸಂಗೀತ ಶಾಲೆಗಳಲ್ಲಿ ಓಬೋ ಕಲಿಯೋ ಹುಡುಗರು ರೀಡು ಕೆತ್ತೋದು, ಕಟ್ಟೋದು, ಕಾಯೋದು ಎಲ್ಲಾ ಪಾಠದ ಭಾಗವಾಗಿ ಕಲೀತಾರ. ದಕ್ಷಿಣ ಫ್ರಾನ್ಸಿನ ವಾರ್ ಪ್ರದೇಶದ ಜೊಂಡು ಅದಕ್ಕ ಹೆಸರುವಾಸಿ. ಅದು ಅಲ್ಲಿ ಪರಿಣತಿ. ಅದೇ ಕೆಲಸವನ್ನ ನಮ್ಮ ಕಾಕು ಮಾಡಿದರೆ ಇಲ್ಲಿ ಅದರ ಹೆಸರು ‘ಕುಲಕಸುಬು’. ಕಸುಬಿನ ಮುಂದೆ ಕುಲ ಅಂತ ಒಂದು ಶಬ್ದ ಅಂಟಿಸಿದ ಕೂಡಲೇ ಅದರಾಗಿನ ಬುದ್ಧಿ, ಕೈಚಳಕ, ವರ್ಷಗಟ್ಟಲೆಯ ಸಾಧನೆ ಎಲ್ಲಾ ಕಾಣದಂಗ ಆಗತಾವು. ಹುಟ್ಟಿನಿಂದಲೇ ಬಂದದ್ದಕ್ಕ ಯಾರು ಗುರು ಅಂತಾರ, ಯಾರು ಸಂಬಳ ಕೊಡತಾರ?

ಬೀಳಗಿಯವರಿಗೆ ಈ ಮಾತು ಇನ್ನೂ ಚುಚ್ಚಬೇಕು. 1977ರಲ್ಲಿ ‘ಸನಾದಿ ಅಪ್ಪಣ್ಣ’ ಸಿನಿಮಾ ಬಂತು. ಕತೆ ಕೃಷ್ಣಮೂರ್ತಿ ಪುರಾಣಿಕರದು, ಅವರು ಹುಟ್ಟಿದ್ದು ನಮ್ಮ ಬೀಳಗಿಯಲ್ಲೇ. ಅಪ್ಪಣ್ಣ ಇದೇ ಮಣ್ಣಿನವ ಅಂತ ಊರ ಮಂದಿ ಇವತ್ತಿಗೂ ಎದಿ ಉಬ್ಬಿಸಿ ಹೇಳತಾರ. ತೆರೆಯ ಮೇಲೆ ಡಾ. ರಾಜಕುಮಾರ್, ಹಿಂದಿನಿಂದ ಊದಿದವರು ಉಸ್ತಾದ್ ಬಿಸ್ಮಿಲ್ಲಾ ಖಾನ್. ಖಾನ್ ಸಾಹೇಬರು ಹುಟ್ಟಿದ ಬಿಹಾರದ ಡುಮರಾಂವ್ ಕಡೆಯ ನದಿ ದಂಡಿಯಲ್ಲಿ ನರಕಟ್ ಅನ್ನೋ ಜೊಂಡು ಬೆಳಿತೈತಿ, ಶಹನಾಯಿಯ ಪತ್ತಿ ಆಗೋದು ಅದೇ. ಅವರಿಗೆ 2001ರಲ್ಲಿ ಭಾರತರತ್ನ ಬಂತು, ಬರಬೇಕಾದ್ದೇ. ಆ ಸಿನಿಮಾ ನೋಡಿ ಅತ್ತವರು ನಮ್ಮ ತಾಲೂಕಿನಲ್ಲಿ ಎಷ್ಟು ಮಂದಿ! ಥೇಟರಿನಾಗ ಅತ್ತು, ಮನಿಗೆ ಬಂದು, ಬಾಗಿಲ ಮುಂದೆ ಊದೋನಿಗೆ ಮ್ಯಾಲಿಂದ ನೀರು ಸುರುವಿದವರೂ ಅವರೇ. ಕತೆಯ ಅಪ್ಪಣ್ಣನ ಮೇಲೆ ಪ್ರೀತಿ ಸುಲಭ. ಅವನಿಗೆ ಲೋಟ ಕೊಡೋ ಪ್ರಸಂಗ ಬರೋದಿಲ್ಲ.

ಈಗ ಕಾಲ ಬದಲಾಗೈತಿ ಅಂತೀರಿ. ಆಗೈತಿ. ಈ ವರ್ಷ ಕಾಕಾನ ಜೊತೆ ಒಂದು ಕಲ್ಯಾಣಮಂಟಪಕ್ಕ ಹೋಗಿದ್ದೆ. ಬಾಗಿಲಲ್ಲೇ ಎಲ್ಲರಿಗೂ ನೀರಿನ ಸಣ್ಣ ಬಾಟಲಿ, ಕಾಕಾಗೂ ಕೊಟ್ಟರು. ಅದರ ಮುಚ್ಚಳದಾಗೇ ಪತ್ತಿ ನೆನೆಸಿದ. ಕುಂದ್ರಲಿಕ್ಕೆ ಜಾಗ ಮಾತ್ರ ಚಪ್ಪಲಿ ಬಿಡೋ ಕಡೆ, ಜನರೇಟರಿನ ಪಕ್ಕ. ಡೀಸೆಲ್ ಹೊಗಿಯಾಗ ಎರಡು ತಾಸು ಊದಿದ. ಒಳಗ ಡಾಲ್ಬಿಯವನಿಗೆ ವೇದಿಕೆ, ಫ್ಯಾನು, ಮುಂಗಡ ಹಣ, ರಸೀದಿ. ಹೊರಗ ಇವನಿಗೆ ‘ಎಷ್ಟು ಕೊಡೋಣ ಹೇಳಪಾ’ ಅಂತ ಕೊನಿಗೆ ಚೌಕಾಸಿ.

ಈಗ ತಮ್ಮಾ, ನಿನ್ನ ಪ್ರಶ್ನೆಗೆ ನೇರ ಉತ್ತರ.

ನನ್ನಪ್ಪ ಹಲಗಿ ಬಿಟ್ಟ. ಊರವರು ಸಾವಿನ ಮನಿಗೆ ಬಾರಸೋಕೆ ಕರೆದಾಗ ‘ಬರೋದಿಲ್ಲ’ ಅಂದ. ಆಯ ನಿಂತಿತು, ಕಣದಾಗ ಸಿಗತಿದ್ದ ಜ್ವಾಳ ನಿಂತಿತು, ಎರಡು ವರ್ಷ ಕೂಲಿಗೂ ಕರೀಲಿಲ್ಲ. ಆ ‘ಬರೋದಿಲ್ಲ’ ಅನ್ನೋ ಮಾತಿನ ಮೇಲೆ ನಾನು ಓದಿದ್ದು, ಇವತ್ತು ಇಲ್ಲಿ ಬರಿಯಾಕತ್ತಿದ್ದು. ಅದಕ್ಕ ಬಿಸಾಕಿದವರ ಬಗ್ಗೆ ಒಂದು ಹಗುರ ಮಾತು ನಾನು ಸಹಿಸೋದಿಲ್ಲ. ಸಂವಿಧಾನದ 17ನೇ ವಿಧಿ ಅಸ್ಪೃಶ್ಯತೆಯನ್ನ, 23ನೇ ವಿಧಿ ಬಿಟ್ಟಿ ದುಡಿಮೆಯನ್ನ ನಿಷೇಧಿಸ್ಯಾವು. 1989ರ ದೌರ್ಜನ್ಯ ತಡೆ ಕಾಯ್ದೆ ಬಿಟ್ಟಿ ದುಡಿಸಿದರೆ ಶಿಕ್ಷೆ ಅಂತೈತಿ. ಯಾವ ಊರಾದರೂ ‘ನೀವೇ ಬಾರಿಸಬೇಕು, ನೀವೇ ಊದಬೇಕು’ ಅಂದರೆ ಉತ್ತರ ಒಂದೇ: ಬರೋದಿಲ್ಲ. ಭಾಷಣದಾಗ ನಾ ಹೇಳಿದ್ದು ಅದನ್ನ. ಅದರಿಂದ ಒಂದಿಂಚೂ ಹಿಂದೆ ಸರಿದಿಲ್ಲ.

ಆದರೆ ಭಾಷಣದಾಗ ನಾನು ಒಂದು ತಪ್ಪು ಮಾಡಿದ್ದೆ. ಬಿಟ್ಟಿಯನ್ನ ಬಿಸಾಕ್ರಿ ಅನ್ನೋ ಬದಲು ವಾದ್ಯವನ್ನ ಬಿಸಾಕ್ರಿ ಅಂದೆ. ನಮ್ಮನ್ನ ಕಟ್ಟಿಯ ಕೆಳಗೆ ಕುಂದ್ರಿಸಿದ್ದು ಸನಾದಿ ಅಲ್ಲ. ನಮ್ಮ ದಲಿತ ಸಂಘರ್ಷ ಸಮಿತಿಯ ಹಿರಿಯರು ಅದೇ ತಮಟೆ, ಹಲಗಿ ಹಿಡಿದು ಬೀದಿಗೆ ಇಳಿದರು, ಅದೇ ಚರ್ಮ ಗೌಡರ ಬಾಗಿಲಿನ ಬದಲು ತಾಲೂಕು ಕಚೇರಿಯ ಬಾಗಿಲಲ್ಲಿ ಗುಡುಗಿತು. ವಾದ್ಯ ಅದೇ, ಕರೆದವರು ಬೇರೆ, ಕಾರಣ ಬೇರೆ. ಯಾರಿಗಾಗಿ, ಯಾವ ದರಕ್ಕ, ಎಲ್ಲಿ ಕುಂತು ಊದೋದು ಅನ್ನೋದನ್ನ ಊದೋನೇ ತೀರ್ಮಾನ ಮಾಡಿದರೆ ಗುಲಾಮಗಿರಿ ಅಲ್ಲಿಗೆ ಮುಗಿತು. ಊದಬೇಕೋ ಬೇಡವೋ ಅನ್ನೋದೂ ಅವನ, ಅವಳ ತೀರ್ಮಾನ. ನಿನ್ನ ತಂಗಿ ಇಂಜಿನಿಯರ್ ಆಗಲಿ. ಕಾಕಾನ ಮೊಮ್ಮಗಳು ಇಂಜಿನಿಯರೂ ಆಗಲಿ, ಬೇಕನಿಸಿದರೆ ಸನಾದಿಯನ್ನೂ ಊದಲಿ.

ಹಂಗಾದರೆ ಏನು ಬೇಕು ಅಂತ ಕೇಳೋಣ? ನಾ ಅಂದುಕೊಂಡದ್ದು ಇವಿಷ್ಟು.

ಊದೋರಿಗೆ ಕುಡಿಯೋ ನೀರು, ಅವರ ಕೈಗೇ ಲೋಟ. ಕುಂದ್ರಲಿಕ್ಕೆ ಹೊಗಿ ಧೂಳಿಲ್ಲದ ಜಾಗ, ಕುರ್ಚಿ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಯ ನೀರನ್ನ ಬೊಗಸೆಯಲ್ಲಿ ಎತ್ತಿ ಕುಡಿದರು. ನೂರು ವರ್ಷ ಆಗಲಿಕ್ಕೆ ಬಂದರೂ ಒಂದು ಲೋಟ ನೀರನ್ನ ಬೇಡಿಕೆಯ ಪಟ್ಟಿಯಲ್ಲಿ ಮೊದಲು ಬರೀಬೇಕಾಗೈತಿ.

ದರ ಮೊದಲೇ ಮಾತಾಡಿ, ಬರೆದು, ಮುಂಗಡ ಕೊಡಬೇಕು, ಡಾಲ್ಬಿಯವನಿಗೆ ಕೊಟ್ಟಂಗೇ.

ಊರಿಗೆ ಆರೋಗ್ಯ ಶಿಬಿರ ಬಂದಾಗ ಊದೋ ಕಲಾವಿದರ ಎದಿ ಪರೀಕ್ಷೆ ಆಗಬೇಕು. ‘ಏನು ಊದತೀರಿ, ಹೆಂಗ ತೊಳೀತೀರಿ’ ಅನ್ನೋ ಪ್ರಶ್ನೆಯನ್ನ ಎಲ್ಲಾ ಡಾಕ್ಟರರೂ ಕೇಳಬೇಕು.

ಹಾವೇರಿ ಜಿಲ್ಲೆಯ ಗೊಟಗೋಡಿಯಲ್ಲಿ ಜಾನಪದ ವಿ.ವಿ. ಐತಿ, ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಹೆಸರಿನ ಸಂಗೀತ ವಿ.ವಿ. ಐತಿ. ಪತ್ತಿ ಕಟ್ಟೋದು, ಕಾಯೋದು ಗೊತ್ತಿದ್ದ ಹಳ್ಳಿಯ ಹಿರಿಯರು, ಕಾಕುವಿನಂಥ ಹೆಣ್ಣುಮಕ್ಕಳೂ ಸೇರಿ, ಅಲ್ಲಿ ಗುರುಗಳಾಗಿ ಸಂಬಳ ತಗೊಂಡು ಕುಂದ್ರಬೇಕು. ಒಂದು ದಿನದ ಸನ್ಮಾನ, ಶಾಲು, ಹಣ್ಣಿನ ಬುಟ್ಟಿ ಸಾಕಾಗಿ ಹೋಗೈತಿ.

ಕೊನೆಯದು ನಮಗೆ ನಾವೇ ಕೇಳಿಕೊಳ್ಳೋದು. ಏಪ್ರಿಲ್ 14ಕ್ಕ ನಾವು ಕಿವಿ ಹರಿಯೋ ಡಾಲ್ಬಿ ತರಸತೀವಿ, ಸಾಲ ಮಾಡಿಯಾದರೂ. ಮುಂದಿನ ಜಯಂತಿಗೆ ನಮ್ಮ ಓಣಿಯ ಮೆರವಣಿಗೆಯ ಮುಂದೆ ಸನಾದಿ ಬರಲಿ, ಹಲಗಿ ಬರಲಿ, ಪೂರಾ ದರ ಕೊಟ್ಟು. ಅವರು ನಮ್ಮ ಪಂಗತಿಯ ಮೊದಲ ಸಾಲಿನಾಗ ಉಣ್ಣಲಿ. ಇದನ್ನ ಮಾಡೋಕೆ ಯಾವ ಸರಕಾರದ ಆದೇಶವೂ ಬೇಕಿಲ್ಲ.

ಕಾಕಾನ ಸುದ್ದಿ: ಮೂರು ಪತ್ತಿ ಬಿಸಾಕಿದೆವು. ಮೂರು ಉಳಿದವು. ಮಿರಜಿನ ವಾದ್ಯದ ಅಂಗಡಿಗೆ ಹೋಗೋ ಗೆಳೆಯನಿಗೆ ನಾಲ್ಕು ಹೊಸಾವು ಹೇಳೀನಿ, ಅದರಾಗ ಒಂದು ಮೊಮ್ಮಗಳದು. ಕೆಮ್ಮು ಪೂರಾ ಹೋಗಿಲ್ಲ. ಎರಡು ತಿಂಗಳು ಊದಬ್ಯಾಡ್ರಿ ಅಂತ ಡಾಕ್ಟರಮ್ಮ ಹೇಳ್ಯಾಳ. ಅವ ಒಪ್ಪಿಕೊಂಡಾನ, ಆದರೆ ಬೆರಳು ಸುಮ್ಮನಿರೋದಿಲ್ಲ, ಕುಂತಲ್ಲೇ ಕೋಲಿನ ಮ್ಯಾಲೆ ಆಡತಾವು.

ಬರೋ ಐತವಾರ ಮುಂಜಾನೆ ಹತ್ತಕ್ಕ ಕಾಕಾನ ಮನಿ ಅಂಗಳದಾಗ ಸೇರತೀವಿ. ಬೀಳಗಿ, ಮುಧೋಳ, ಜಮಖಂಡಿ, ರಬಕವಿ ಕಡೆಯ ಊದೋರು ನಿಮ್ಮ ಪತ್ತಿ ಡಬ್ಬಿ ತಗೊಂಡು ಬರ್ರಿ. ಕಾಕು ತೊಳೆಯೋದು, ದಾರ ಸುತ್ತೋದು ತೋರಸತಾಳ. ಕಮೆಂಟು ಹಾಕಿದ ತಮ್ಮಾ, ನೀನೂ ಬಾ. ಜಗಳ ಮಾಡೋದಿದ್ದರೆ ಅಲ್ಲೇ ಮಾಡೋಣ. ನೀರು ನಾವು ಕಾಸಿ ಆರಿಸಿ ಇಟ್ಟಿರತೀವಿ.

ಜೈಭೀಮ್.